ಒಂದೇ ತರದ ಡಿವೈಸ್‌ಗಳನ್ನು ಕಾನ್ಫಿಗ್ ಫೈಲ್‌ನಲ್ಲಿ ಗುಂಪು ಮಾಡೋದು: 16 ಬರೆದರೆ 22 ಬರುತ್ತಿವೆ

ಗೋಕುಲರೋಡ್_ಕನ್ಸೋಲ್ (ಹುಬ್ಬಳ್ಳಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿಸಿಎ ಮುಗಿಸಿ ಒಂದು ವರ್ಷ ಆಯಿತು. ಮೇನ್‌ಫ್ರೇಮ್ ಕಲಿಯಬೇಕು ಅಂತ ಮನೆಯ ಲ್ಯಾಪ್‌ಟಾಪ್‌ನಲ್ಲಿ ಹರ್ಕ್ಯುಲಿಸ್ (ಮೇನ್‌ಫ್ರೇಮ್ ತರ ನಡೆಯುವ ಎಮ್ಯುಲೇಟರ್) ಹಾಕಿ, ಅದರ ಮೇಲೆ ಐಬಿಎಂನ ಹಳೆಯ ಆಪರೇಟಿಂಗ್ ಸಿಸ್ಟಮ್ ಎಂವಿಎಸ್ 3.8 ನಡೆಸುತ್ತಿದ್ದೇನೆ. ರೆಡಿ ಸಿಸ್ಟಮ್ ಇಳಿಸಿಕೊಳ್ಳಲಿಲ್ಲ, ಸಿಸ್‌ಜೆನ್ (ಡಿವೈಸ್ ಪಟ್ಟಿ ಕೊಟ್ಟು ಸಿಸ್ಟಮ್ ಕಟ್ಟುವ ಕೆಲಸ) ನಾನೇ ಮಾಡಿದೆ. ಎರಡು ವಾರ ಹಿಡಿಯಿತು. ಐಪಿಎಲ್ (ಅಂದರೆ ಬೂಟ್) ಆಗಿ ಮೊದಲ ಸಲ ಕನ್ಸೋಲ್ ಮೇಲೆ ಅಕ್ಷರ ಓಡಿದಾಗ ಅಡುಗೆ ಮನೆಯಿಂದ ಅಮ್ಮನನ್ನು ಕರೆದು ತೋರಿಸಿದೆ.

ಈಗ ಸಿಕ್ಕಿಕೊಂಡಿರುವುದು ಡಿವೈಸ್‌ಗಳ ಸಾಲಿನಲ್ಲಿ. ಕೋಡನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಸಿಸ್‌ಜೆನ್‌ನಲ್ಲಿ ಹೀಗೆ ಕೊಟ್ಟಿದ್ದೆ:

ಐಓಡಿವೈಸ್ ಯುನಿಟ್=3277,ಅಡ್ರೆಸ್=(400,16)
ಐಓಡಿವೈಸ್ ಯುನಿಟ್=1403,ಅಡ್ರೆಸ್=410
ಐಓಡಿವೈಸ್ ಯುನಿಟ್=3350,ಅಡ್ರೆಸ್=(240,8)

16 ಟರ್ಮಿನಲ್, ಅದಾದ ಮೇಲೆ ಒಂದು ಪ್ರಿಂಟರ್, ಆಮೇಲೆ 8 ಡಿಸ್ಕ್. ಸಿಸ್‌ಜೆನ್ ತಕರಾರಿಲ್ಲದೆ ಮುಗಿಯಿತು. ಹರ್ಕ್ಯುಲಿಸ್ ಫೈಲ್‌ನಲ್ಲಿ ಹೀಗೆ ಬರೆದೆ:

0400-0415 3270
0410 1403 ಪ್ರಿಂಟ್2

ಪ್ರಿಂಟರ್ ಸಾಲಿಗೆ ಬಂದ ಕೂಡಲೇ 0410 ಆಗಲೇ ಇದೆ ಅಂತ ಎರರ್. ಡಿವೈಸ್ ಪಟ್ಟಿ ತೋರಿಸುವ ಡೆವ್‌ಲಿಸ್ಟ್ ಕಮಾಂಡ್ ಕೊಟ್ಟು ನೋಡಿದರೆ ಟರ್ಮಿನಲ್ 22 ಇವೆ! ನಾನು ಕೇಳಿದ್ದು 16. ಮೂರು ಸಲ ಎಣಿಸಿದೆ, 22ಏ.

ಎರಡನೇ ಪ್ರಶ್ನೆ. ಆ 8 ಡಿಸ್ಕ್‌ಗಳನ್ನೂ ಟರ್ಮಿನಲ್ ತರ ಒಂದೇ ಸಾಲಿನಲ್ಲಿ ಬರೆಯಬಹುದಾ? ಎಲ್ಲವೂ 3350 ತಾನೇ.

ಮೂರನೆಯದು. ಜೆಸಿಎಲ್‌ನಲ್ಲಿ (ಸಿಸ್ಟಮ್‌ಗೆ ಜಾಬ್ ಕೊಡುವ ಭಾಷೆ) ಯುನಿಟ್=3350 ಅಂತ ಕೊಟ್ಟರೆ ನನ್ನ ಪ್ರಾಕ್ಟೀಸ್ ಫೈಲ್ ಹೋಗಿ ಸಿಸ್ಟಮ್ ಡಿಸ್ಕ್ ಮೇಲೆ ಕೂರುತ್ತಿದೆ. 246 ಮತ್ತು 247 ಎರಡನ್ನೇ ನನ್ನ ಕೆಲಸಕ್ಕೆ ಬೇರೆ ಗುಂಪು ಮಾಡಬೇಕು. ಎಸೋಟೆರಿಕ್ ಅಂತಾರಲ್ಲ, ಅದೇ ಇದಾ? ಒಂದು ಇಂಟರ್‌ವ್ಯೂನಲ್ಲಿ ಜೆನೆರಿಕ್‌ಗೂ ಎಸೋಟೆರಿಕ್‌ಗೂ ಏನು ವ್ಯತ್ಯಾಸ ಅಂತ ಕೇಳಿದರು. ಪುಸ್ತಕದ ಸಾಲು ಹೇಳಿದೆ. ಅವರು ಇನ್ನೂ ಒಂದು ಪ್ರಶ್ನೆ ಹಾಕಿದಾಗ ಬಾಯಿ ಕಟ್ಟಿತು. ಈ ಸಲ ಅರ್ಥ ಮಾಡಿಕೊಂಡೇ ಹೋಗಬೇಕು.

ಬ್ಯಾಡಗಿ_ಡಬ್ಬಿ (ಹಾವೇರಿ ಜಿಲ್ಲೆ):

ಅಕ್ಕಾರೆ, ನನ್ನ ಮಾತು ಕೇಳಿದರೆ ಗುಂಪು ಗಿಂಪು ಬಿಟ್ಟುಬಿಡಿ. ಸುಮ್ನೆ ಒಂದು ಡಿವೈಸ್‌ಗೆ ಒಂದು ಸಾಲು ಬರೆಯಿರಿ. 16 ಟರ್ಮಿನಲ್ ಅಂದರೆ 16 ಸಾಲು, ಕಾಪಿ ಪೇಸ್ಟ್ ಮಾಡಿದರೆ ಎರಡು ನಿಮಿಷದ ಕೆಲಸ. ಯಾವುದೋ ಒಂದು ಕೆಟ್ಟರೆ ಆ ಸಾಲಿಗೆ ಹ್ಯಾಷ್ ಹಾಕಿ ಮುಚ್ಚಬಹುದು. ನಾನು ಮೂರು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಒಮ್ಮೆಯೂ ತೊಂದರೆ ಆಗಿಲ್ಲ. ನಮ್ಮ ಊರ ಮೆಣಸಿನಕಾಯಿ ಮಾರ್ಕೆಟ್‌ನಲ್ಲೂ ಅಷ್ಟೇ, ಒಂದೊಂದಕ್ಕೂ ನಂಬರ್ ಇದ್ದರೆ ಜಗಳ ಇರುವುದಿಲ್ಲ.

ಮಾಳಮಡ್ಡಿ_ಕಾಕಾ (ಧಾರವಾಡ):

ತಂಗಿ, ಮೊದಲು ನಿನಗೆ ಶಾಬಾಸ್. ಸಿಸ್‌ಜೆನ್ ಸ್ವಂತ ಕೈಯಿಂದ ಮಾಡಿದವರು ಈಗ ಕಡಿಮೆ. ನಾನು ಮೇನ್‌ಫ್ರೇಮ್ ಸಿಸ್ಟಮ್ಸ್ ಪ್ರೋಗ್ರಾಮರ್ ಆಗಿ ಮುಂಬಯಿಯಲ್ಲಿ 27 ವರ್ಷ ಕೆಲಸ ಮಾಡಿ, ನಿವೃತ್ತಿ ಆದ ಮೇಲೆ ಧಾರವಾಡಕ್ಕೆ ಬಂದವನು. ಈ ಡಿವೈಸ್ ಪಟ್ಟಿ ಬರೆಯುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ನಿನ್ನ ಪ್ರಶ್ನೆ ನೋಡಿ ಬಹಳ ಖುಷಿ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

22 ಎಲ್ಲಿಂದ ಬಂತು? ಅಡ್ರೆಸ್ ಇರುವುದು ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಎಣಿಕೆಯಲ್ಲಿ. 0409 ಆದ ಮೇಲೆ 0410 ಬರುವುದಿಲ್ಲ. 040ಎ, 040ಬಿ, 040ಸಿ, 040ಡಿ, 040ಇ, 040ಎಫ್ ಆಗಿ, ಆಮೇಲೆ 0410. ಅಂದರೆ 0400ರಿಂದ 040ಎಫ್‌ಗೇ 16 ಮುಗಿಯಿತು. ನೀನು 0415ರವರೆಗೆ ಬರೆದೆ. 0410ರಿಂದ 0415ಕ್ಕೆ ಇನ್ನೂ 6. ಒಟ್ಟು 22. ಆ ಆರರ ಹೊಟ್ಟೆಯೊಳಗೆ ನಿನ್ನ ಪ್ರಿಂಟರ್‌ನ ಜಾಗವೂ ಹೋಯಿತು, ಅದಕ್ಕೇ ಎರರ್.

ಮಜಾ ಏನು ಅಂದರೆ ಸಿಸ್‌ಜೆನ್‌ನಲ್ಲಿ ನೀನು ಬರೆದ (400,16) ಸರಿಯಾಗಿಯೇ ಇದೆ. ಅಲ್ಲಿ ಕಮಾದ ಎಡಕ್ಕಿರುವುದು ಹೆಕ್ಸ್, ಬಲಕ್ಕಿರುವುದು ನಾವು ದಿನಾ ಎಣಿಸುವ ಲೆಕ್ಕ. ಒಂದೇ ಬ್ರಾಕೆಟ್‌ನೊಳಗೆ ಎರಡು ತರದ ಎಣಿಕೆ! ಇವತ್ತಿನ ದೊಡ್ಡ ಯಂತ್ರಗಳ ಐಓಸಿಪಿ ಅನ್ನುವ ಡಿವೈಸ್ ಪಟ್ಟಿಯ ಫೈಲ್‌ನಲ್ಲೂ ಇದೇ ಪದ್ಧತಿ. ನನ್ನ ಕೈಕೆಳಗೆ ಹೊಸದಾಗಿ ಬಂದ ಹುಡುಗರು ಎರಡು ಕಡೆ ಎಡವುತ್ತಿದ್ದರು. ಕೆಲವರು ನಿನ್ನ ಹಾಗೆ ಹೆಕ್ಸ್ ಜಾಗದಲ್ಲಿ ದಶಮಾಂಶ ಎಣಿಸುತ್ತಿದ್ದರು. ಕೆಲವರು ಉಲ್ಟಾ, ಹೆಕ್ಸ್ 10 ಅಂದರೆ 16 ಅಲ್ವಾ ಅಂತ (400,10) ಬರೆದು, ಹತ್ತೇ ಡಿವೈಸ್ ಬಂದು, ಉಳಿದ ಆರು ಎಲ್ಲಿ ಹೋದವು ಅಂತ ಕೇಬಲ್ ಹುಡುಕುತ್ತಿದ್ದರು.

ಹರ್ಕ್ಯುಲಿಸ್‌ನಲ್ಲಿ ಚುಕ್ಕೆ ಇಟ್ಟು ಸಂಖ್ಯೆ ಬರೆಯುವ ದಾರಿ ಇದೆ. ನೀನು ಅದನ್ನೇ ಹಿಡಿ:

0400.16 3270

ಚುಕ್ಕೆಯ ನಂತರದ್ದು ದಶಮಾಂಶ. ಸಿಸ್‌ಜೆನ್‌ನ (400,16)ಕ್ಕೆ ಇದು ಹೆಚ್ಚುಕಡಿಮೆ ಪಡಿಯಚ್ಚು. ಎರಡು ಫೈಲ್ ಅಕ್ಕಪಕ್ಕ ಇಟ್ಟು ಓದಿದರೆ ತಾಳೆ ನೋಡಲು ಸುಲಭ. ಬೇಕಿದ್ದರೆ ರೇಂಜ್, ಚುಕ್ಕೆ, ಕಮಾ ಮೂರನ್ನೂ ಬೆರೆಸಿಯೂ ಒಂದೇ ಸಾಲಿನಲ್ಲಿ ಬರೆಯಬಹುದು. ಆದರೆ ಒಂದು ಸಾಲಿನ ಡಿವೈಸ್‌ಗಳೆಲ್ಲ ಒಂದೇ ಚಾನೆಲ್‌ನಲ್ಲಿ ಇರಬೇಕು. 04ರಲ್ಲಿ ಶುರುವಾದ ಸಾಲು 05ಕ್ಕೆ ದಾಟುವ ಹಾಗಿಲ್ಲ.

ಈಗ ಡಿಸ್ಕ್. ಇಲ್ಲಿ ನಾನು ಬೇಡ ಅನ್ನುತ್ತೇನೆ. ಟರ್ಮಿನಲ್‌ಗಳು ಒಂದರ ಹಾಗೆ ಒಂದು. ಯಾವುದು ಯಾವುದರ ಜಾಗದಲ್ಲಿ ಬಂದರೂ ನಡೆಯುತ್ತದೆ, ಅವಕ್ಕೆ ಸ್ವಂತದ್ದು ಅಂತ ಏನೂ ಇಲ್ಲ. ಡಿಸ್ಕ್ ಹಾಗಲ್ಲ. ಪ್ರತಿ ಡಿಸ್ಕ್‌ಗೂ ನಿನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಫೈಲ್ ಇದೆ, ಒಳಗೆ ಒಂದು ವಾಲ್ಯೂಮ್ ಹೆಸರಿದೆ. 0240.8 3350 ಅಂತ ಬರೆದು ಮುಂದೆ ಒಂದು ಫೈಲ್ ಹೆಸರು ಕೊಟ್ಟರೆ ಎಂಟು ಡ್ರೈವ್‌ಗಳಿಗೂ ಅದೇ ಫೈಲನ್ನು ತೋರಿಸಿದ ಹಾಗಾಯಿತು. ಒಂದೇ ಖಾತೆ ಪುಸ್ತಕದಲ್ಲಿ ಎಂಟು ಮಂದಿ ಒಟ್ಟಿಗೆ ಬರೆಯಲು ಕೂತ ಹಾಗೆ. ಡೇಟಾ ಕೆಡುತ್ತದೆ. ಹಾಗಾಗಿ ಹರ್ಕ್ಯುಲಿಸ್ ಕಡೆ ಎಂಟು ಡಿಸ್ಕ್‌ಗೆ ಎಂಟು ಸಾಲು, ಎಂಟು ಫೈಲ್. ಹರ್ಕ್ಯುಲಿಸ್ ಜೊತೆ ಬರುವ ಡಿಎಎಸ್‌ಡಿಇನಿಟ್ ಟೂಲ್‌ನಿಂದ ಒಂದೊಂದೇ ಮಾಡು. ಫೈಲ್ ಹೆಸರಿನ ಕೊನೆಗೆ ಅಡ್ರೆಸ್ ಸೇರಿಸು, ಆರು ತಿಂಗಳಾದ ಮೇಲೆ ನಿನಗೇ ಉಪಕಾರ.

ಅದೇ ಎಂಟು ಡಿಸ್ಕ್ ಸಿಸ್‌ಜೆನ್‌ನಲ್ಲಿ (240,8) ಅಂತ ಒಂದೇ ಸಾಲಿನಲ್ಲಿ ಇದ್ದರೆ ತಪ್ಪೇನಿಲ್ಲ. ಅಲ್ಲಿ ಹೇಳುತ್ತಿರುವುದು ಡ್ರೈವ್ ಯಾವ ಜಾತಿಯದು ಅಂತ ಮಾತ್ರ, ಒಳಗೆ ಏನಿದೆ ಅಂತಲ್ಲ. ಆ 8ಕ್ಕೆ ಒಂದು ಕಾರಣವೂ ಇದೆ. 3350 ಬಂದದ್ದು 1975ರಲ್ಲಿ. ಒಂದು ಡ್ರೈವ್‌ಗೆ 317.5 ಮೆಗಾಬೈಟ್, ಒಂದು ಪೆಟ್ಟಿಗೆಯಲ್ಲಿ ಎರಡು ಡ್ರೈವ್. ನಾಲ್ಕು ಪೆಟ್ಟಿಗೆ ಸಾಲಾಗಿ ಜೋಡಿಸಿದರೆ 8 ಡ್ರೈವ್‌ನ ಒಂದು ಸ್ಟ್ರಿಂಗ್. 240 ಅಂದರೆ ಚಾನೆಲ್ 2, ಕಂಟ್ರೋಲ್ ಯೂನಿಟ್ 4, ಡ್ರೈವ್ 0. ಮೂರು ಅಂಕಿಯಲ್ಲಿ ಯಂತ್ರದ ಕೋಣೆಯ ನಕ್ಷೆಯೇ ಇರುತ್ತಿತ್ತು. ಆಗ ಗುಂಪು ಅಂದರೆ ಕಣ್ಣಿಗೆ ಕಾಣುವ, ಕೈಯಿಂದ ಮುಟ್ಟುವ ಗುಂಪು.

ಬ್ಯಾಡಗಿಯವರೇ, ನಿಮ್ಮ ಮಾತಿನಲ್ಲಿ ಡಿಸ್ಕ್ ಮಟ್ಟಿಗೆ ಸತ್ಯ ಇದೆ. ಆದರೆ ಟರ್ಮಿನಲ್‌ಗೆ ಒಪ್ಪುವುದಿಲ್ಲ. ನಿಮ್ಮ ಮಾರ್ಕೆಟ್‌ನಲ್ಲಿ ನಂಬರ್ ಇರುವುದು ಲಾಟ್‌ಗೆ ಅಲ್ವಾ, ಒಂದೊಂದು ಚೀಲಕ್ಕಲ್ಲ. ಒಂದೇ ಗುಣದ ಕಾಯಿ ಅಂತ ಗೊತ್ತಿದ್ದಾಗ ಲಾಟ್ ಮಾಡುತ್ತಾರೆ, ಡಬ್ಬಿ ಕಾಯಿಯನ್ನೂ ಕಡ್ಡಿ ಕಾಯಿಯನ್ನೂ ಬೆರೆಸುವುದಿಲ್ಲ. ದೊಡ್ಡ ಸೈಟ್‌ನಲ್ಲಿ ಸಾವಿರಾರು ಡಿವೈಸ್ ಇರುತ್ತವೆ. ಒಂದಕ್ಕೊಂದು ಸಾಲು ಬರೆದರೆ ತಪ್ಪು ಎಲ್ಲಿದೆ ಅಂತ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ನಿನ್ನ ಮೂರನೇ ಪ್ರಶ್ನೆ. ನನಗೆ ಬಹಳ ಇಷ್ಟದ ವಿಷಯ ಇದು. ಹುಬ್ಬಳ್ಳಿಯಿಂದ ನೀನು ಧಾರವಾಡಕ್ಕೆ ಬರಬೇಕು ಅಂದುಕೋ. ಇಂಥದ್ದೇ ನಂಬರ್ ಪ್ಲೇಟಿನ ಬಸ್ ಬೇಕು ಅಂತ ನಿಂತರೆ ಅದು ಯುನಿಟ್=247. ಆ ಬಸ್ ಡಿಪೋದಲ್ಲಿದ್ದರೆ ನೀನು ಕಾಯುತ್ತಾ ಕೂರಬೇಕು. ಯಾವುದಾದರೂ ಚಿಗರಿ (ನಮ್ಮ ಬಿಆರ್‌ಟಿಎಸ್ ಬಸ್) ಬರಲಿ ಅಂದರೆ ಅದು ಯುನಿಟ್=3350, ಅಂದರೆ ಜೆನೆರಿಕ್. ಜಾತಿ ಒಂದೇ, ಯಾವುದಾದರೂ ಸರಿ. ಚಿಗರಿ ಆಗಲಿ, ಕೆಂಪು ಬಸ್ ಆಗಲಿ, ಧಾರವಾಡ ಮುಟ್ಟಿದರೆ ಸಾಕು ಅಂದರೆ ಅದು ಎಸೋಟೆರಿಕ್. ಜೆನೆರಿಕ್ ಹೆಸರು ಐಬಿಎಂ ಇಟ್ಟದ್ದು, ಡಿವೈಸ್‌ನ ಜಾತಿಯಿಂದ ತಾನಾಗೇ ಬರುತ್ತದೆ. ಎಸೋಟೆರಿಕ್ ಹೆಸರು ನಿನ್ನ ಸೈಟ್ ಇಡುವುದು, 8 ಅಕ್ಷರದೊಳಗೆ. ಎಸ್‌ವೈಎಸ್‌ಡಿಎ ಅನ್ನುವುದು ಅಂಥ ಹೆಸರೇ. ಎಷ್ಟೋ ಸೈಟ್‌ಗಳು ಅದನ್ನೇ ಇಟ್ಟುಕೊಂಡಿದ್ದರಿಂದ ಎಲ್ಲರೂ ಅದು ಐಬಿಎಂನದ್ದೇ ಅಂದುಕೊಳ್ಳುತ್ತಾರೆ.

ಹಾಗಾಗಿ ಸಾಲಿನಲ್ಲಿ ಬರೆಯುವ ಗುಂಪೇ ಬೇರೆ, ಹೆಸರಿನ ಗುಂಪೇ ಬೇರೆ. ಮೊದಲನೆಯದು ಡಿವೈಸ್ ಹೇಗಿದೆ ಅಂತ ಹೇಳುತ್ತದೆ. ಎರಡನೆಯದು ಕೇಳುವವನಿಗೆ ಏನು ಬೇಕು ಅಂತ ಹೇಳುತ್ತದೆ. ಎರಡನ್ನೂ ಒಂದೇ ಅಂದುಕೊಂಡಿದ್ದಕ್ಕೇ ಇಂಟರ್‌ವ್ಯೂನಲ್ಲಿ ನಿನಗೆ ಬಾಯಿ ಕಟ್ಟಿದ್ದು ಅಂತ ನನಗನ್ನಿಸುತ್ತದೆ. ನಿನ್ನ 246, 247ಕ್ಕೆ ಹೀಗೆ ಬರೆ:

ಯುನಿಟ್‌ನೇಮ್ ಯುನಿಟ್=((246,2)),ನೇಮ್=ವರ್ಕ್

ಹಳೆಯ (240,8) ಸಾಲು ಹಾಗೇ ಇರಲಿ, ಅದನ್ನು ಒಡೆಯಬೇಡ. ಒಂದೇ ಡಿವೈಸ್ ಎರಡು ಮೂರು ಹೆಸರಿನ ಗುಂಪಿನಲ್ಲಿ ಇರಬಹುದು. ಎಂವಿಎಸ್ 3.8ರಲ್ಲಿ ಇದಕ್ಕೆ ಐಓಜೆನ್, ಅಂದರೆ ಸಿಸ್‌ಜೆನ್‌ನ ಡಿವೈಸ್ ಭಾಗ ಮಾತ್ರ, ಮತ್ತೆ ಮಾಡಬೇಕು. ಈಗಿನ ಮೇನ್‌ಫ್ರೇಮ್ ಸಿಸ್ಟಮ್ ಝೆಡ್‌ಓಎಸ್‌ನಲ್ಲಾದರೆ ಡಿವೈಸ್ ಪಟ್ಟಿ ಬರೆಯುವ ಹೆಚ್‌ಸಿಡಿ ಪರದೆಯಲ್ಲಿ ಬರೆದು, ಐಪಿಎಲ್ ಇಲ್ಲದೆಯೇ ಆಕ್ಟಿವೇಟ್ ಮಾಡಬಹುದು.

ಇಷ್ಟು ಮಾಡಿದರೂ ನಿನ್ನ ಫೈಲ್ ಸಿಸ್ಟಮ್ ಡಿಸ್ಕ್‌ಗೆ ಹೋಗುವುದು ಪೂರ್ತಿ ನಿಲ್ಲುವುದಿಲ್ಲ. ಯಾರಾದರೂ ಯುನಿಟ್=3350 ಅಂದರೆ ಮತ್ತೆ ಅದೇ ಕಥೆ. ಪಾರ್ಮ್‌ಲಿಬ್‌ನಲ್ಲಿ (ಸಿಸ್ಟಮ್ ಸೆಟ್ಟಿಂಗ್‌ಗಳ ಲೈಬ್ರರಿ) ವ್ಯಾಟ್‌ಲಿಸ್ಟ್00 ಅಂತ ಒಂದು ಮೆಂಬರ್ ಇದೆ, ನೋಡು. ಪ್ರತಿ ವಾಲ್ಯೂಮ್ ಹೆಸರಿನ ಮುಂದೆ ಎರಡು ಅಂಕಿ ಇರುತ್ತವೆ. ಎರಡನೆಯದು 0 ಇದ್ದರೆ ಸ್ಟೋರೇಜ್, 1 ಇದ್ದರೆ ಪಬ್ಲಿಕ್, 2 ಇದ್ದರೆ ಪ್ರೈವೇಟ್. ವಾಲ್ಯೂಮ್ ಹೆಸರು ಹೇಳದೆ ಜಾಗ ಕೇಳಿದರೆ, ಉಳಿಯಬೇಕಾದ ಫೈಲ್ ಸ್ಟೋರೇಜ್ ಡಿಸ್ಕ್‌ಗೆ ಹೋಗುತ್ತದೆ, ತಾತ್ಕಾಲಿಕ ಫೈಲ್ ಪಬ್ಲಿಕ್ ಅಥವಾ ಸ್ಟೋರೇಜ್‌ಗೆ. ಪ್ರೈವೇಟ್‌ಗೆ ಹೆಸರು ಹಿಡಿದು ಕೇಳಿದವರಿಗೆ ಮಾತ್ರ ಪ್ರವೇಶ. ಸಿಸ್ಟಮ್ ಡಿಸ್ಕ್‌ಗಳಿಗೆ 2 ಹಾಕು, ವರ್ಕ್ ಡಿಸ್ಕ್‌ಗಳಿಗೆ 0 ಹಾಕು. ಆಗ ನಿಶ್ಚಿಂತೆ.

ಬೆಟಗೇರಿ_ಲಿನಕ್ಸ್ (ಗದಗ):

ಕಾಕಾರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಇನ್ನೊಂದು ತರದ ಗುಂಪೂ ಇದೆ, ಅದರಲ್ಲಿ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.

ಮೇನ್‌ಫ್ರೇಮ್ ಲಿನಕ್ಸ್‌ನಲ್ಲಿ ಓಎಸ್‌ಎ ನೆಟ್‌ವರ್ಕ್ ಕಾರ್ಡ್ ಹಾಕಿದರೆ ಅದು ಒಂದು ಡಿವೈಸ್ ಅಲ್ಲ, ಮೂರು. ಒಂದು ಓದಲು, ಒಂದು ಬರೆಯಲು, ಒಂದು ಡೇಟಾಗೆ. ಹರ್ಕ್ಯುಲಿಸ್‌ನಲ್ಲಿ 0600.3 ಕ್ಯುಇಟಿಹೆಚ್ ಅಂತ ಬರೆಯಬೇಕು. ಅಲ್ಲಿ .3 ಅಂದರೆ ಮೂರು ಕಾರ್ಡ್ ಅಂತಲ್ಲ, ಮೂರೂ ಸೇರಿ ಒಂದು ಕಾರ್ಡ್. ಓದುವ ಡಿವೈಸ್‌ನ ನಂಬರ್ ಸಮ ಸಂಖ್ಯೆ ಇರಬೇಕು, ಬರೆಯುವುದು ಅದರ ಮುಂದಿನದ್ದೇ ಆಗಬೇಕು. ನಾನು 0601ರಿಂದ ಶುರು ಮಾಡಿ, ಲಿನಕ್ಸ್ ಯಾಕೆ ಗುಂಪು ಮಾಡುತ್ತಿಲ್ಲ ಅಂತ ಸಂಜೆವರೆಗೆ ತಲೆ ಕೆರೆದುಕೊಂಡೆ. 0600 ಮಾಡಿದ ಕೂಡಲೇ ಝೆಡ್‌ನೆಟ್‌ಕಾನ್ಫ್ ಕಮಾಂಡ್ ಮೂರನ್ನೂ ಹಿಡಿದು ಕಟ್ಟಿತು. ಟರ್ಮಿನಲ್ ಗುಂಪಿನಿಂದ ಒಂದನ್ನು ತೆಗೆದರೆ 15 ಉಳಿಯುತ್ತವೆ. ಇದರಲ್ಲಿ ಒಂದನ್ನು ತೆಗೆದರೆ ಏನೂ ಉಳಿಯುವುದಿಲ್ಲ.

ಕಾಕಾ, ನಿಮ್ಮ ಕಾಲದಲ್ಲಿ ಹೆಸರಿನ ಗುಂಪಿನಿಂದ ಏನಾದರೂ ದೊಡ್ಡ ತೊಂದರೆ ಆಗಿತ್ತಾ?

ಮಾಳಮಡ್ಡಿ_ಕಾಕಾ:

ಸಮ ಸಂಖ್ಯೆಯ ಮಾತು ಬಹಳ ಚೆನ್ನಾಗಿ ಹೇಳಿದಿರಿ.

ತೊಂದರೆ ಆಗಿತ್ತು. ಇವತ್ತಿಗೂ ಮರೆತಿಲ್ಲ. 90ರ ದಶಕದ ಕೊನೆ. ನಮ್ಮಲ್ಲಿ ಟೇಪ್ ಡ್ರೈವ್‌ಗಳಿಗೆ ಕಾರ್ಟ್ ಅಂತ ಎಸೋಟೆರಿಕ್ ಹೆಸರು. ಹಿಂದೆ ಯಾರೋ ಹಳೆಯ ಟೇಪ್ ಡೇಟಾಸೆಟ್‌ಗಳನ್ನು ಐಡಿಕ್ಯಾಮ್ಸ್ ಯುಟಿಲಿಟಿಯಿಂದ ಕ್ಯಾಟಲಾಗ್ ಮಾಡುವಾಗ ಡಿವೈಸ್ ಟೈಪ್ ಅಂತ ಕಾರ್ಟ್ ಅನ್ನೇ ಕೊಟ್ಟಿದ್ದರು. ಒಂದು ಶನಿವಾರ ರಾತ್ರಿ ಹೊಸ ಡ್ರೈವ್ ಬಂದವು, ನಾನೇ ಹೆಚ್‌ಸಿಡಿಯಲ್ಲಿ ಬ್ಯಾಕಪ್ ಅಂತ ಹೊಸ ಗುಂಪು ಸೇರಿಸಿದೆ. ಬೇರೆ ಏನೂ ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಹಳೆಯ ಟೇಪ್ ಕೇಳಿದ ಜಾಬ್‌ಗಳು ಸಾಲಾಗಿ ಬಿದ್ದವು. ಕ್ಯಾಟಲಾಗ್‌ನಲ್ಲಿ ಟೇಪ್ ಇದೆ, ಕಪಾಟಿನಲ್ಲೂ ಟೇಪ್ ಇದೆ, ಸಿಸ್ಟಮ್ ಮಾತ್ರ ಬೇರೆ ಗುಂಪನ್ನು ತೋರಿಸುತ್ತಿದೆ. ಕಾರಣ ಏನು ಗೊತ್ತಾ? ಕ್ಯಾಟಲಾಗ್‌ನೊಳಗೆ ಇರುವುದು ಕಾರ್ಟ್ ಅನ್ನುವ ಹೆಸರಲ್ಲ, ಪಟ್ಟಿಯಲ್ಲಿ ಆ ಹೆಸರಿನ ಸ್ಥಾನ. ಆ ಸ್ಥಾನವನ್ನು ಗಟ್ಟಿ ಮಾಡುವ ಟೋಕನ್ ನಂಬರ್ ಕೊಡದೇ ಇದ್ದರೆ ಹೆಚ್‌ಸಿಡಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುತ್ತದೆ. ಬಿ ಅಕ್ಷರದ ಬ್ಯಾಕಪ್ ಬಂದು ಸಿ ಅಕ್ಷರದ ಕಾರ್ಟ್‌ನ ಮುಂದೆ ಕೂತಿತು. ಕಾರ್ಟ್ ಒಂದು ಮೆಟ್ಟಿಲು ಕೆಳಗೆ ಇಳಿಯಿತು, ಅದರ ಕೆಳಗಿನವೆಲ್ಲ ಇಳಿದವು. ಹಳೆಯ ಹೆಸರುಗಳಿಗೆ ಮೊದಲಿನ ಕ್ರಮದಲ್ಲೇ ಟೋಕನ್ ಕೊಟ್ಟು, ಹೊಸದಕ್ಕೆ ಕೊನೆಯ ನಂಬರ್ ಕೊಟ್ಟ ಮೇಲೆ ಎಲ್ಲ ಸರಿ ಹೋಯಿತು. ಆದರೆ ಆ ಮಧ್ಯಾಹ್ನದವರೆಗೆ ನನ್ನ ಗಂಟಲಲ್ಲಿ ನೀರು ಇಳಿದಿರಲಿಲ್ಲ.

ತಂಗಿ, ಇಂಟರ್‌ವ್ಯೂನಲ್ಲಿ ಎಸೋಟೆರಿಕ್ ಅಂದ ಕೂಡಲೇ ಟೋಕನ್ ಬಗ್ಗೆ ಎರಡು ಮಾತು ಹೇಳು. ಕೇಳುವವರು ನಿಜವಾಗಿ ಕೆಲಸ ಮಾಡಿದವರಾದರೆ ಅವರ ಮುಖ ನೋಡು.

ಇನ್ನೊಂದು, ಜಾಗ ಬಿಟ್ಟು ಬರೆ. ಟರ್ಮಿನಲ್ 040ಎಫ್‌ಗೆ ಮುಗಿದ ಕೂಡಲೇ 0410ಕ್ಕೆ ಪ್ರಿಂಟರ್ ಇಟ್ಟಿದ್ದೀಯ. ನಾಳೆ 17ನೇ ಟರ್ಮಿನಲ್ ಬಂದರೆ ಎಲ್ಲಿ ಕೂರಿಸುತ್ತೀ? ಹೇಗೂ ಐಓಜೆನ್ ಮಾಡುತ್ತೀಯಲ್ಲ, ಪ್ರಿಂಟರನ್ನು 0440ಕ್ಕೆ ಕಳಿಸಿಬಿಡು. ಸಿಸ್‌ಜೆನ್‌ನಲ್ಲಿ ಜಾಸ್ತಿ ಡಿವೈಸ್ ಇದ್ದು ಹರ್ಕ್ಯುಲಿಸ್‌ನಲ್ಲಿ ಇಲ್ಲದಿದ್ದರೆ ಎಂವಿಎಸ್ ಅವನ್ನು ಆಫ್‌ಲೈನ್ ಅಂತ ಇಟ್ಟುಕೊಂಡು ಸುಮ್ಮನಿರುತ್ತದೆ, ಹೆದರಬೇಡ. ಹಾಗಾಗಿ ಅಲ್ಲಿ (400,32) ಅಂತಲೇ ಬರೆದಿಡು.

ಬ್ಯಾಡಗಿ_ಡಬ್ಬಿ:

ಲಾಟ್ ಮಾತು ಒಪ್ಪಿದೆ ಕಾಕಾ. ನನ್ನ ಫೈಲ್ ತೆಗೆದು ನೋಡಿದೆ, ಟರ್ಮಿನಲ್‌ಗೇ 64 ಸಾಲು ಇವೆ. ಅದರಲ್ಲಿ 042ಸಿ ಬಿಟ್ಟೇ ಹೋಗಿದೆ, ಮೂರು ವರ್ಷದಿಂದ ಗೊತ್ತೇ ಆಗಿರಲಿಲ್ಲ. 0400.64 ಮಾಡಿದೆ. ಡಿಸ್ಕ್ ಸಾಲುಗಳನ್ನು ಮಾತ್ರ ಒಂದೊಂದಾಗಿಯೇ ಇಟ್ಟಿದ್ದೇನೆ.

ಗೋಕುಲರೋಡ್_ಕನ್ಸೋಲ್:

ಕಾಕಾ, ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಊಟ ಆದ ಮೇಲೆ ಕೂತೆ.

0400.16 ಬರೆದು ಡೆವ್‌ಲಿಸ್ಟ್ ಕೊಟ್ಟೆ. ಬೆರಳಿಟ್ಟು ಎಣಿಸಿದೆ, 16. ಕೊನೆಯದು 040ಎಫ್. ಎಂಟು ಡಿಸ್ಕ್‌ಗೆ ಎಂಟು ಫೈಲ್ ಮಾಡಿದೆ, ಹೆಸರಿನ ಕೊನೆಗೆ 240ರಿಂದ 247ರವರೆಗೆ ಅಡ್ರೆಸ್ ಸೇರಿಸಿದೆ. ಕೊನೆಯ ಎರಡಕ್ಕೆ ವಾಲ್ಯೂಮ್ ಹೆಸರು ವರ್ಕ್01, ವರ್ಕ್02.

ವ್ಯಾಟ್‌ಲಿಸ್ಟ್00 ತೆಗೆದು ನೋಡಿದಾಗ ಕಾರಣ ಅಲ್ಲೇ ಸಿಕ್ಕಿತು. ನನ್ನ ಸಿಸ್ಟಮ್ ಡಿಸ್ಕ್ ಮುಂದೆ ಎರಡನೇ ಅಂಕಿ 0 ಇತ್ತು, ಅಂದರೆ ಸ್ಟೋರೇಜ್! ಎಲ್ಲರೂ ಬನ್ನಿ ಅಂತ ನಾನೇ ಬಾಗಿಲು ತೆಗೆದಿಟ್ಟಿದ್ದೆ. ಅದನ್ನು 2 ಮಾಡಿ, ವರ್ಕ್01 ಮತ್ತು ವರ್ಕ್02ಕ್ಕೆ 0 ಹಾಕಿ ಐಪಿಎಲ್ ಮಾಡಿದೆ. ಯುನಿಟ್=3350 ಅಂತಲೇ ಇದ್ದ ಹಳೆಯ ಜಾಬನ್ನು ಮತ್ತೆ ಕೊಟ್ಟೆ. ಫೈಲ್ ವರ್ಕ್01ಕ್ಕೆ ಹೋಯಿತು. ಐಓಜೆನ್ ಇನ್ನೂ ಮಾಡಿಲ್ಲ, ಆದರೂ ಹೋಯಿತು!

ಒಂದು ಪ್ರಶ್ನೆ ಉಳಿದಿದೆ ಕಾಕಾ. ಐಓಜೆನ್‌ನಲ್ಲಿ (400,32) ಕೊಟ್ಟರೆ ಅದು 041ಎಫ್‌ಗೆ ಮುಗಿಯುತ್ತದೆ, ಸರಿ ತಾನೇ? ಪೇಪರ್ ಮೇಲೆ ಬರೆದು ಎಣಿಸಿದ್ದೇನೆ, ಆದರೂ ನಿಮ್ಮ ಬಾಯಿಂದ ಕೇಳಿದರೆ ಧೈರ್ಯ.

ಮಾಳಮಡ್ಡಿ_ಕಾಕಾ:

041ಎಫ್. ಸರಿಯಾಗಿದೆ. ಐಓಜೆನ್ ಶುರು ಮಾಡುವ ಮೊದಲು ಸಿಸ್ಟಮ್ ಡಿಸ್ಕ್ ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿಟ್ಟುಕೋ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿಯೇ ಇರಲಿ.